ಯುದ್ಧನೌಕೆ ಮತ್ತು ಖಾಸಗಿ ಉದ್ದಿಮೆ

ಕೇರಳದ ಎಡಪ್ಪಳ್ಳಿಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕೊಚ್ಚಿಯ ಹಡಗುಕಟ್ಟೆಯಿದೆ. ದೇಶದಲ್ಲೇ ನಿರ್ಮಿತವಾದ ಪ್ರಥಮ ವಿಮಾನವಾಹಕ ನೌಕೆ ‘ವಿಕ್ರಾಂತ್’ 2022ರ ಸೆಪ್ಟೆಂಬರ್ 2ರಂದು ಇಲ್ಲಿಯೇ ನೌಕಾಪಡೆಯ ಸೇವೆಗೆ ಸೇರಿತು. ಹಡಗುಕಟ್ಟೆಯು ಸಾರ್ವಜನಿಕ ಕ್ಷೇತ್ರದ್ದು. ಆದರೆ 262 ಮೀಟರ್ ಉದ್ದದ ಈ ನೌಕೆಯ ಒಡಲಿನಲ್ಲಿರುವ ಯಂತ್ರಸಾಮಗ್ರಿಯ ಗಣನೀಯ ಭಾಗ ಖಾಸಗಿ ಕಾರ್ಖಾನೆಗಳಿಂದ ಬಂದುದು. ಚುಕ್ಕಾಣಿಯ ಯಂತ್ರವನ್ನು ಲಾರ್ಸನ್ ಅಂಡ್ ಟೂಬ್ರೊ, ಹವಾನಿಯಂತ್ರಣ ವ್ಯವಸ್ಥೆಯನ್ನು ಪುಣೆಯ ಕಿರ್ಲೋಸ್ಕರ್ ಸಮೂಹ ಒದಗಿಸಿದವು. ಇವಲ್ಲದೆ ನೂರಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಈ ಕಾರ್ಯದಲ್ಲಿ ಪಾಲ್ಗೊಂಡವು.

ಹವಾನಿಯಂತ್ರಣವನ್ನು ಕೇವಲ ಸುಖಸಾಧನವೆಂದು ಭಾವಿಸಲಾಗದು. ರೇಡಾರ್ ಮತ್ತು ಗಣಕಯಂತ್ರಗಳು ಮಿತಿಮೀರಿ ಕಾದರೆ ನೌಕೆಯು ಕುರುಡಾಗುತ್ತದೆ. ಪೂರೈಕೆಯಲ್ಲಿ ಆಗುವ ವಿಳಂಬವೂ ಅಷ್ಟೇ ತೊಡಕಿನದು. ಗೇರ್ ಪೆಟ್ಟಿಗೆಗಳು ಸಕಾಲದಲ್ಲಿ ದೊರೆಯದ ಕಾರಣ, 2011ರ ಡಿಸೆಂಬರಿನಲ್ಲಿ ನೌಕೆಯನ್ನು ಅವುಗಳಿಲ್ಲದೆಯೇ ನೀರಿಗಿಳಿಸಿ ಡಾಕನ್ನು ತೆರವುಗೊಳಿಸಬೇಕಾಯಿತು. ವಿಧಿವತ್ತಾದ ಜಲಾವತರಣ ನಡೆದುದು 2013ರ ಆಗಸ್ಟಿನಲ್ಲಿ.

ಇಂತಹ ಪೂರೈಕೆಯನ್ನು ಬಾಡಿಗೆಯ ಸಶಸ್ತ್ರ ಸೇವೆಯೊಡನೆ ಬೆರೆಸಿ ನೋಡುವುದು ಸರಿಯಲ್ಲ. 2003ರ ತರುವಾಯ ಇರಾಕಿನಲ್ಲಿ ಅಮೆರಿಕವು ಊಟೋಪಚಾರ ಮತ್ತು ಇಂಧನ ಸಾಗಣೆಗಷ್ಟೇ ಅಲ್ಲದೆ ಸಶಸ್ತ್ರ ಕಾವಲಿಗೂ ಖಾಸಗಿ ಕಂಪನಿಗಳನ್ನು ನೇಮಿಸಿತು. 2007ರಲ್ಲಿ ಬಾಗ್ದಾದಿನ ನಿಸೂರ್ ಚೌಕದಲ್ಲಿ ಅಂಥ ಕಾವಲುಗಾರರ ಗುಂಡಿಗೆ 17 ಮಂದಿ ನಾಗರಿಕರು ಬಲಿಯಾದರು. ತಪ್ಪಿತಸ್ಥರನ್ನು ಯಾವ ಕಾನೂನಿನ ಮೇರೆಗೆ ವಿಚಾರಣೆಗೆ ಒಳಪಡಿಸಬೇಕೆಂಬುದೇ ವರ್ಷಗಟ್ಟಲೆ ವಿವಾದವಾಗಿ ಉಳಿಯಿತು. ‘ವಿಕ್ರಾಂತ್’ನಲ್ಲಿ ಯಂತ್ರ ಯಾವ ಕಂಪನಿಯದೇ ಆಗಿರಲಿ, ಶಸ್ತ್ರ ಪ್ರಯೋಗಿಸುವ ಆಜ್ಞೆ ಮತ್ತು ಅದರ ಹೊಣೆ ಎರಡೂ ನೌಕಾಪಡೆಯ ಅಧಿಕಾರಿಗೇ ಸೇರಿವೆ.