ಪ್ರಾಧ್ಯಾಪಕರೊಬ್ಬರ ಮನೆಯ ಆಕಾಶವಾಣಿ

ವಿಶ್ವವಿದ್ಯಾನಿಲಯದ ಅಧ್ಯಾಪಕವರ್ಗವು ಒಂದು ವರ್ಷದ ಅವಧಿಯಲ್ಲಿ ಏನೇನನ್ನು ಸಾಧಿಸಿತೆಂಬುದನ್ನು, ಎಂದರೆ ಯಾರು ಯಾವ ಗ್ರಂಥವನ್ನು ಪ್ರಕಟಿಸಿದರು, ಯಾರ ಪ್ರಬಂಧ ಯಾವ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಯಿತು, ಯಾರಿಗೆ ಯಾವ ಪುರಸ್ಕಾರ ಸಂದಿತು ಎಂಬಿವೆಲ್ಲವನ್ನು, ವಾರ್ಷಿಕ ವರದಿಯಲ್ಲಿ ಕ್ರಮವಾಗಿ ನಮೂದಿಸುವ ಸಂಪ್ರದಾಯ ಈಗ ಎಲ್ಲೆಡೆಯೂ ನೆಲೆಗೊಂಡಿದೆ. ಅಂಥ ಪಟ್ಟಿಗಳನ್ನು ಲಘುವಾಗಿ ಕಾಣಬೇಕಾದುದಿಲ್ಲ. ಅವುಗಳ ಒಂದೊಂದು ಸಾಲಿನ ಹಿಂದೆಯೂ ಹಲವು ವರ್ಷಗಳ ಪರಿಶ್ರಮವಿರುತ್ತದೆ. ಆದರೂ ಮೈಸೂರು ವಿಶ್ವವಿದ್ಯಾನಿಲಯದ ಶತಮಾನಕ್ಕೂ ಮೀರಿದ ಚರಿತ್ರೆಯನ್ನು ನೋಡಿದಾಗ, ಇಲ್ಲಿನ ಅಧ್ಯಾಪಕರ ಕೆಲಸಗಳಲ್ಲಿ ಜನಜೀವನದ ಒಳಹೊಕ್ಕು ಇಂದಿಗೂ ಉಳಿದುಬಂದಿರುವ ಕೆಲವು ಅಂಥ ಯಾವ ಪಟ್ಟಿಯ ಯಾವ ಕಲಮಿನಲ್ಲಿಯೂ ಸೇರತಕ್ಕವಲ್ಲವೆಂಬುದು ಮನವರಿಕೆಯಾಗುತ್ತದೆ. ಅವುಗಳ ಪೈಕಿ ನನ್ನನ್ನು ಎಲ್ಲಕ್ಕಿಂತ ಮಿಗಿಲಾಗಿ ಸೆಳೆದದ್ದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ಬಾನುಲಿ ನಿಲಯ.

ಆ ಕಾಲೇಜಿನ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಅದರ ಮೂಲ. ಕೃಷ್ಣರಾಜ ಬುಲೆವಾರ್ಡಿನ ಮರಗಳ ಸಾಲಿನ ನಡುವೆ ಇಂದು ಕಾಣುವ ಕಟ್ಟಡಕ್ಕೆ ಶಂಕುಸ್ಥಾಪನೆಯಾದದ್ದು 1889ರಲ್ಲಿ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಎಚ್. ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾಗಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊಟ್ಟಮೊದಲ ವಿಶ್ವವಿದ್ಯಾನಿಲಯವದು. ಅಲ್ಲಿಯವರೆಗೆ ಮದರಾಸಿಗೆ ಅಧೀನವಾಗಿದ್ದ ಎರಡು ಕಾಲೇಜುಗಳಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನಕ್ಕೂ ಮೈಸೂರಿನ ಮಹಾರಾಜಾ ಕಾಲೇಜು ಕಲಾವಿಷಯಗಳಿಗೂ ಮೀಸಲಾದುವು.

ಕಲಾವಿಷಯಗಳಿಗೆ ಮೀಸಲಾದ ಆ ಕಾಲೇಜಿನೊಳಕ್ಕೆ ಪ್ರಯೋಗಶಾಲೆಯೊಂದು ಪ್ರವೇಶಿಸಿದ್ದು ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದ ಕಾಲದಲ್ಲಿ. ಸ್ವತಃ ತತ್ತ್ವಶಾಸ್ತ್ರದಲ್ಲಿ ಮಹಾವಿದ್ವಾಂಸರಾಗಿದ್ದ ಶೀಲರು, ಮನಸ್ಸಿನ ವಿಚಾರವನ್ನು ಕೇವಲ ತರ್ಕದಿಂದಲ್ಲದೆ ಪ್ರಯೋಗದಿಂದಲೂ ಪರಿಶೀಲಿಸತಕ್ಕದ್ದೆಂದು ನಂಬಿದವರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಶಿಷ್ಯರಾಗಿ ಡಾಕ್ಟರೇಟ್ ಪಡೆದು ಬಂದ ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗ ಪ್ರಾರಂಭವಾಯಿತು. ಭಾರತದಲ್ಲಿ ಅದಕ್ಕೆ ಮೊದಲು ಅಂಥ ವಿಭಾಗವಿದ್ದದ್ದು ಕಲ್ಕತ್ತೆಯಲ್ಲಿ ಮಾತ್ರ. ಮನುಷ್ಯನ ನಾನಾ ಸಾಮರ್ಥ್ಯಗಳ ತಳದಲ್ಲಿ ಅವೆಲ್ಲಕ್ಕೂ ಸಮಾನವಾದ ಒಂದು ಬುದ್ಧಿಶಕ್ತಿಯಿದೆಯೆಂಬುದು ಸ್ಪಿಯರ್ಮನ್ನರ ಪ್ರಸಿದ್ಧ ಸಿದ್ಧಾಂತವಷ್ಟೆ; ಪುಸ್ತಕದ ವಿದ್ಯೆಯಲ್ಲಿ ಕೆಲಸಮಾಡುವ ಆ ಬುದ್ಧಿ ಕೈಯ ವಿದ್ಯೆಯಲ್ಲಿ ಎಷ್ಟರಮಟ್ಟಿಗೆ ಕೆಲಸಮಾಡುತ್ತದೆಂಬ ಪ್ರಶ್ನೆಯನ್ನು ಶಿಷ್ಯರು ಕೈಗೆತ್ತಿಕೊಂಡರು. 1924ರಲ್ಲಿಯೇ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಆ ಶಾಸ್ತ್ರದಲ್ಲಿ ಕೈಯ ಕಲಿಕೆಯನ್ನು ಪರೀಕ್ಷಿಸುವ ಉಪಕರಣಗಳಲ್ಲಿ ಅತ್ಯಂತ ಸರಳವಾದದ್ದೂ ಅತ್ಯಂತ ಕುತೂಹಲಕರವಾದದ್ದೂ ಎಂದರೆ ಕನ್ನಡಿಯ ಪ್ರಯೋಗ. ಕಾಗದದ ಮೇಲೆ ಎರಡೆರಡು ಗೆರೆಗಳಿಂದ ನಕ್ಷತ್ರವೊಂದನ್ನು ಅಚ್ಚುಹಾಕಿರುತ್ತಾರೆ. ಕೈಯೂ ಕಾಗದವೂ ನೇರವಾಗಿ ಕಾಣದಂತೆ ಅಡ್ಡಲಾಗಿ ಒಂದು ಮರೆಯನ್ನು ನಿಲ್ಲಿಸಿ, ಎದುರಿಗೊಂದು ಕನ್ನಡಿಯನ್ನಿಟ್ಟು, ಅದರಲ್ಲಿ ಕಾಣುವ ಪ್ರತಿಬಿಂಬವನ್ನೇ ನೋಡುತ್ತ, ಆ ಎರಡು ಗೆರೆಗಳ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಗೆರೆಮುಟ್ಟದಂತೆ ಪೆನ್ಸಿಲನ್ನು ಒಂದು ಸುತ್ತು ತರುವಂತೆ ಹೇಳುತ್ತಾರೆ. ಮೇಲಕ್ಕೆ ಹೋಗಬೇಕೆಂದು ಮನಸ್ಸು ಆಜ್ಞಾಪಿಸಿದರೆ ಕೈ ಕೆಳಕ್ಕೆ ಇಳಿಯುತ್ತದೆ. ಮೂಲೆಯೊಂದು ಎದುರಾದಾಗ ಎತ್ತ ತಿರುಗಬೇಕೆಂಬುದೇ ತೋರದೆ ಪೆನ್ಸಿಲು ನಿಂತಲ್ಲಿಯೇ ನಡುಗುತ್ತದೆ. ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಸಲ ಗೆರೆ ದಾಟಿತು ಎಂಬುದನ್ನು ಬರೆದುಕೊಂಡು, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದರೆ, ತಪ್ಪುಗಳು ಹೇಗೆ ಮೊದಲು ತೀವ್ರವಾಗಿಯೂ ಆಮೇಲೆ ಮಂದವಾಗಿಯೂ ಇಳಿಯುತ್ತವೆಂಬುದು ನಕ್ಷೆಯಲ್ಲಿ ಮೂಡುತ್ತದೆ. ವರ್ಷಗಟ್ಟಲೆಯ ಅಭ್ಯಾಸದಿಂದ ಕಣ್ಣಿಗೂ ಕೈಗೂ ಏರ್ಪಟ್ಟ ಸಂಬಂಧವನ್ನು ಒಂದೇ ಕ್ಷಣದಲ್ಲಿ ಮುರಿದು, ಹೊಸದಾಗಿ ಕಟ್ಟಿಕೊಳ್ಳುವ ಮಾನವಶಕ್ತಿ ಎಷ್ಟೆಂಬುದನ್ನು ಅಳೆಯುವ ಈ ಸಾಮಾನ್ಯ ಸಲಕರಣೆ ಇಂದಿಗೂ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದದ್ದು.

ಇಂಥ ವಿಷಯದಲ್ಲಿ ಮಗ್ನರಾಗಿದ್ದವರು ರೇಡಿಯೋದ ಕಡೆಗೆ ತಿರುಗಿದುದೇಕೆಂಬುದನ್ನು ನಾನು ಬಹಳವಾಗಿ ಆಲೋಚಿಸಿದ್ದೇನೆ. ಕಾಣದ ಕೇಳುಗನ ಚಿತ್ತವನ್ನು ಕೇವಲ ದನಿಯಿಂದ ಹಿಡಿದಿಡಬಹುದೇ ಎಂಬ ಜಿಜ್ಞಾಸೆ ಮನಶ್ಶಾಸ್ತ್ರಜ್ಞನಿಗೆ ಸಹಜವಾಗಿಯೇ ಹುಟ್ಟತಕ್ಕದ್ದೆಂಬುದು ನನ್ನ ಊಹೆ, ಅದು ಹಾಗಿರಲಿ. ಆ ಕಾಲದ ಸನ್ನಿವೇಶವನ್ನಂತೂ ನೆನೆಯಬೇಕು. ಬೊಂಬಾಯಿಯಲ್ಲಿಯೂ ಕಲ್ಕತ್ತೆಯಲ್ಲಿಯೂ 1927ರಲ್ಲಿ ನಿಲಯಗಳನ್ನು ತೆರೆದ ಖಾಸಗಿ ಕಂಪೆನಿ ನಷ್ಟದಲ್ಲಿ ಮುಳುಗಿ 1930ರಲ್ಲಿ ಬಾಗಿಲು ಹಾಕಿಕೊಂಡಿತ್ತು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1936ರ ಜೂನ್ ತಿಂಗಳಿನಲ್ಲಿ. ಬಂಡವಾಳಗಾರರ ಕೈಯಲ್ಲಿ ಸಾಗದೆ ಹೋದ ಉದ್ಯಮವನ್ನು, ಅದಕ್ಕೂ ಒಂಬತ್ತು ತಿಂಗಳು ಮೊದಲೇ, 1935ರ ಸೆಪ್ಟೆಂಬರ್ 10ರಂದು, ಕಾಲೇಜು ಅಧ್ಯಾಪಕರೊಬ್ಬರು ವಿಠಲ ವಿಹಾರವೆಂಬ ತಮ್ಮ ಸ್ವಗೃಹದಲ್ಲಿ ಆರಂಭಿಸಿದರು.

ಪ್ರಸಾರಯಂತ್ರದ ಶಕ್ತಿ 30 ವ್ಯಾಟ್, ಎಂದರೆ ಮನೆಯ ಜಗಲಿಯಲ್ಲಿ ಉರಿಯುವ ಸಣ್ಣದೊಂದು ದೀಪಕ್ಕೆ ಬೇಕಾಗುವಷ್ಟು. ಆ ಅಲ್ಪಶಕ್ತಿಯಿಂದ ಹೊರಟ ದನಿ ನಗರದ ಮನೆಗಳನ್ನು ಮುಟ್ಟಿತು. ಮೊದಲ ದಿನ ಕುವೆಂಪು ಅವರ ಕವಿತಾವಾಚನವಾಯಿತೆಂದು ಮೈಸೂರು ಆಕಾಶವಾಣಿಯವರು ಹೇಳುತ್ತ ಬಂದಿದ್ದಾರೆ. ಅದೇ ಕಾಲೇಜಿನ ಕನ್ನಡ ಅಧ್ಯಾಪಕರಾಗಿದ್ದ ಕವಿ, ಸಹೋದ್ಯೋಗಿಯ ಮನೆಗೆ ಹೋಗಿ, ಅಲ್ಲಿಂದ ಇಡೀ ಊರಿಗೆ ಕೇಳಿಸುವಂತೆ ಓದಿದ ಆ ಸಂಜೆಯನ್ನು ಕಲ್ಪಿಸಿಕೊಂಡರೆ ಮನಸ್ಸು ಉಲ್ಲಾಸಗೊಳ್ಳುತ್ತದೆ. ಚರಿತ್ರೆಯ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರು ಈ ಸಾಹಸದಲ್ಲಿ ಗೋಪಾಲಸ್ವಾಮಿಯವರ ಬಲಗೈಯಾದರು. ಹುಟ್ಟಿನಿಂದ ಮಲೆಯಾಳಿಗಳಾಗಿದ್ದೂ ಕನ್ನಡವನ್ನು ಕಲಿತು, ‘ಅನರ್ಥಕೋಶ’ವನ್ನು ಬರೆದು ಕನ್ನಡಿಗರನ್ನು ನಗಿಸಿದ ಕಸ್ತೂರಿಯವರಂಥವರು ದೊರೆತದ್ದು ನಿಲಯದ ಭಾಗ್ಯ. ಯಂತ್ರ, ಸಂಗೀತಗಾರರು, ಭಾಷಣಕಾರರು, ಸಮಯಪಾಲನೆ ಇವೆಲ್ಲದರ ಭಾರವನ್ನು, ಬೆಳಗಿನ ಪಾಠಗಳನ್ನೂ ಪ್ರಯೋಗಶಾಲೆಯನ್ನೂ ಬಿಡದೆ, ಗೋಪಾಲಸ್ವಾಮಿಯವರು ಸುಮಾರು ಆರು ವರ್ಷಗಳ ಕಾಲ ಹೊತ್ತರು. ಮೊದಲು ಸ್ವಂತ ಹಣದಿಂದಲೂ ತರುವಾಯ ಸಾರ್ವಜನಿಕರ ನೆರವಿನಿಂದಲೂ ಅದು ನಡೆಯಿತು. 30 ವ್ಯಾಟಿನ ಸ್ಥಾನಕ್ಕೆ 250 ವ್ಯಾಟಿನ ಯಂತ್ರ ಬಂತು. 40ರ ದಶಕದ ಆದಿಯಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ಏಪ್ರಿಲ್‌ನಲ್ಲಿ ಇತರ ಸಂಸ್ಥಾನಗಳ ನಿಲಯಗಳೊಡನೆ ಅದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ವಿಠಲ ವಿಹಾರದಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನೇ ಕೆಲವು ವರ್ಷಗಳ ಮೇಲೆ ಸಮಸ್ತ ದೇಶದ ಪ್ರಸಾರ ಸಂಸ್ಥೆ ತನ್ನದನ್ನಾಗಿ ಮಾಡಿಕೊಂಡಿತು. ನಿಲಯವಾದರೋ 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಮೈಸೂರಿಗೆ ತನ್ನದೇ ಆದ ಕೇಂದ್ರ ಮತ್ತೆ ದೊರೆತದ್ದು 1974ರಲ್ಲಿ. ತನ್ನಲ್ಲಿ ಹುಟ್ಟಿದ ಕೂಸಿಗಾಗಿ ಊರು ಸುಮಾರು ಎರಡು ದಶಕಗಳ ಕಾಲ ಕಾಯಬೇಕಾಯಿತೆಂಬುದು ನನಗೆ ಈಗಲೂ ವ್ಯಥೆಯ ಸಂಗತಿ.

ಗೋಪಾಲಸ್ವಾಮಿಯವರ ಸುತ್ತಮುತ್ತ ಇದ್ದವರೂ ಸಾಮಾನ್ಯರಲ್ಲ. ಸರ್ವೇಪಲ್ಲಿ ರಾಧಾಕೃಷ್ಣನ್ನರು ಇಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದು 1918ರಿಂದ 1921ರವರೆಗೆ ಮಾತ್ರ. ಕಲ್ಕತ್ತೆಗೆ ಹೊರಟ ದಿನ ಶಿಷ್ಯರು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲುನಿಲ್ದಾಣದವರೆಗೆ ಎಳೆದರೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಅಷ್ಟೊಂದು ಮಾತಿಗೆ ಸಿಕ್ಕದವರು ಸಂಸ್ಕೃತದ ಪ್ರಾಧ್ಯಾಪಕ ಎಂ. ಹಿರಿಯಣ್ಣನವರು. ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತು ಅವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಇಂದಿಗೂ ದೇಶವಿದೇಶಗಳ ವಿದ್ಯಾರ್ಥಿಗಳು ಓದುವ ಗ್ರಂಥ ಮೈಸೂರಿನ ತರಗತಿಗಳಲ್ಲಿ ಅನೇಕ ವರ್ಷ ಹೇಳಿದ ಪಾಠಗಳಿಂದಲೇ ರೂಪುಗೊಂಡದ್ದು. ಮಿತಭಾಷಿಯಾದ ಗುರುವಿನ ಪಾಠವೇ ಲೋಕಮಾನ್ಯ ಗ್ರಂಥವಾಗುವುದೆಂದರೆ ಆ ಪಾಠ ಎಷ್ಟು ಸಿದ್ಧವಾಗಿದ್ದಿರಬೇಕು! ಚರಿತ್ರೆಯ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಿಲಾಶಾಸನವನ್ನು 1936ರಲ್ಲಿ ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ. ಶ. 450 ಎಂಬ ಅವರ ನಿರ್ಣಯವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಗಳು ನಡೆದಿದ್ದರೂ, ಕನ್ನಡದ ಪ್ರಾಚೀನತೆಯ ಮಾತು ಬಂದಲ್ಲೆಲ್ಲ ಮೊದಲು ನೆನಪಾಗುವುದು ಆ ಕಲ್ಲೇ. ಪ್ರಚಾರೋಪನ್ಯಾಸಗಳ ಮೂಲಕ ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಿ, ಆ ಮಾತುಗಳನ್ನು ಅಗ್ಗದ ಪುಸ್ತಕಗಳಾಗಿ ಅಚ್ಚುಹಾಕಿಸಿದ್ದು ಪ್ರತ್ಯೇಕ ಲೇಖನಕ್ಕೇ ಯೋಗ್ಯವಾದ ವಿಷಯ.

ವಿಜ್ಞಾನದ ಕಡೆಗೆ ಬಂದರೆ, ಮೊದಲಿನ ಹೆಸರುಗಳು ಬೆಂಗಳೂರಿನವು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಕಪ್ಪೆಗಳನ್ನು ಅಭ್ಯಸಿಸಿದವರು, 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಪ್ರಥಮ ಸಂಪಾದಕರು. ಪಶ್ಚಿಮಘಟ್ಟದ ಮರಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ಅವರ ಹೆಸರನ್ನೇ ಸೇರಿಸಿ ರಾವೋರ್ಚೆಸ್ಟಿಸ್ ಎಂದು ನಾಮಕರಣವಾಯಿತು. ಮೈಸೂರಿನಲ್ಲಿ ವಿಜ್ಞಾನದ ಉನ್ನತ ಸಂಶೋಧನೆ ಬಲಿತದ್ದು ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪಿಸಿ, ತಾವೇ ಹೆಸರಿಟ್ಟ ಮಾನಸಗಂಗೋತ್ರಿಯಲ್ಲಿ.

ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಕೀರ್ತಿಯನ್ನು ಹೊತ್ತಿರುವುದು, ಮಾಗಿದ ಬಾಳೆಹಣ್ಣಿನ ಮೇಲೆ ಮುತ್ತುವ, ಎಳ್ಳಿನ ಗಾತ್ರದ ನೊಣ. ಡ್ರಾಸೊಫಿಲ ಎಂದು ಶಾಸ್ತ್ರಜ್ಞರು ಕರೆಯುವ ಈ ಹಣ್ಣುನೊಣ ಹತ್ತು ಹದಿನೈದು ದಿನಗಳಲ್ಲಿ ಒಂದು ತಲೆಮಾರನ್ನು ಮುಗಿಸುವುದರಿಂದ, ಆನುವಂಶೀಯತೆಯ ನಿಯಮಗಳನ್ನು ಅದರಲ್ಲಿ ಕಣ್ಣೆದುರಿಗೇ ಕಾಣಬಹುದು. ಡಿ. ರಾಜಶೇಖರಶೆಟ್ಟರು ವಿಭಾಗದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದರು. ಅವರ ಪರಂಪರೆಯ ಸಂಶೋಧಕರು ಕರ್ನಾಟಕದ ಕಾಡುಮೇಡುಗಳಲ್ಲಿ ಹುಡುಕಿ ವರ್ಣಿಸಿದ ಪ್ರಭೇದಗಳಲ್ಲಿ ಒಂದಕ್ಕೆ ಗುರುವಿನ ಹೆಸರನ್ನೂ, ಒಂದಕ್ಕೆ ಮೈಸೂರಿನ ಹೆಸರನ್ನೂ, ಇನ್ನೊಂದಕ್ಕೆ ಗಂಗೋತ್ರಿಯ ಹೆಸರನ್ನೂ ಇಟ್ಟರು. ಗುರುವಿನ ಹೆಸರಿನ ನೊಣ ಅದಕ್ಕೂ ಮೊದಲೇ ಬೇರೊಂದು ಹೆಸರಿನಿಂದ ವರ್ಣಿತವಾಗಿತ್ತೆಂದು ಮುಂದೆ ಶಾಸ್ತ್ರ ತೀರ್ಮಾನಿಸಿತಾದರೂ, ಶಿಷ್ಯರ ಗೌರವಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ತರುವಾಯ ಎಚ್. ಎ. ರಂಗನಾಥ್ ಅವರೂ ಅವರ ಸಂಗಡಿಗರೂ, ಎಂಟು ವರ್ಣತಂತುಗಳುಳ್ಳ ನಾಸೂಟ ನೊಣವನ್ನೂ ಆರು ವರ್ಣತಂತುಗಳುಳ್ಳ ಆಲ್ಬೊಮಿಕ್ಯಾನ್ಸ್ ನೊಣವನ್ನೂ ಕೂಡಿಸಿ, ಆ ಸಂಕರದ ಸಂತಾನವನ್ನು ನೂರಾರು ತಲೆಮಾರುಗಳ ಕಾಲ ಪಾಲಿಸಿ, ತಾಯಿತಂದೆಗಳೆರಡಕ್ಕೂ ಭಿನ್ನವಾದ ಹೊಸ ತಳಿಗಳು ಪ್ರಯೋಗಶಾಲೆಯಲ್ಲಿಯೇ ನೆಲೆಗೊಳ್ಳುವುದನ್ನು ತೋರಿಸಿದರು. ಪ್ರಕೃತಿಯಲ್ಲಿ ಯುಗಗಳನ್ನೇ ಬೇಡುವ ಕ್ರಿಯೆಯೊಂದರ ಆದಿಯನ್ನು ಮನುಷ್ಯನ ಆಯುಷ್ಯದೊಳಗೆ ನೋಡುವ ಅವಕಾಶವಿದು.

ಈ ನೊಣಗಳ ಆಹಾರವನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಿಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು ಸುಮಾರು 10 ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಂತೆ ಕೊಂಚ ಪ್ರೊಪಿಯೋನಿಕ್ ಆಮ್ಲ ಬೆರೆಸಿ, ಬಿಸಿಯಾಗಿರುವಾಗಲೇ ಸೀಸೆಗಳಿಗೆ ಸುರಿಯುತ್ತಾರೆ. ಆರಿದ ಮೇಲೆ ಯೀಸ್ಟಿನ ಕಾಳನ್ನು ಉದುರಿಸಿ, ನೊಣಗಳನ್ನು ಬಿಟ್ಟು, ಬಾಯಿಗೆ ಹತ್ತಿ ಗಿಡಿಯುತ್ತಾರೆ. ಆಹಾರ ಮುಗಿಯುವ ಮೊದಲೇ, ಕೆಲವು ವಾರಗಳಿಗೊಮ್ಮೆ, ಹೊಸ ಸೀಸೆಗೆ ಅವುಗಳನ್ನು ಸ್ಥಳಾಂತರಿಸದಿದ್ದರೆ ದಶಕಗಳಿಂದ ಬಂದ ಸಂತತಿ ಅಲ್ಲಿಗೇ ನಿಂತುಹೋಗುತ್ತದೆ. ವಿಶ್ವವಿದ್ಯಾನಿಲಯದ ಡ್ರಾಸೊಫಿಲ ಸಂಗ್ರಹ ಕೇಂದ್ರದಲ್ಲಿ ನಡೆಯುತ್ತ ಬಂದಿರುವುದು ಈ ಎಡೆಬಿಡದ ಪಾಲನೆ.

ಈಗಿನ ಸ್ಥಿತಿಯನ್ನು ನೆನೆದಾಗ ಮನಸ್ಸಿಗೆ ಖೇದವಾಗುತ್ತದೆ. ವಿಶ್ವವಿದ್ಯಾನಿಲಯದ ಅನೇಕ ವಿಭಾಗಗಳಲ್ಲಿ ಖಾಯಂ ಅಧ್ಯಾಪಕರು ನಿವೃತ್ತರಾದ ಮೇಲೆ ಅವರ ಸ್ಥಾನಗಳು ವರ್ಷಗಟ್ಟಲೆ ತೆರವಾಗಿ ಉಳಿದು, ಬೋಧನೆಯ ಬಹುಭಾಗ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿದೆ. ಬರುವ ವರ್ಷ ತಾನು ಇಲ್ಲಿರುವೆನೋ ಇಲ್ಲವೋ ಎಂಬ ಅನಿಶ್ಚಯದಲ್ಲಿ ದುಡಿಯುವವರನ್ನು ದೀರ್ಘಾವಧಿಯ ಸಂಶೋಧನೆಗೆ ಕೈಹಾಕಿರೆಂದು ಹೇಳುವುದು ನ್ಯಾಯವಲ್ಲ. ಇದ್ದವರಿಗಾದರೋ 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ತಂದ ನಿಯಮಗಳ ಮೇಲೆ, ಪ್ರಬಂಧಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಎಂದು ಅಂಕಗಳನ್ನು ಕೂಡಿಸುವ ಕಾಲ ಬಂತು. ಮನೆಯಲ್ಲಿ ರೇಡಿಯೋ ನಿಲಯ ನಡೆಸಿದವರಿಗೆ ಆ ಲೆಕ್ಕದಲ್ಲಿ ಎಷ್ಟು ಅಂಕ ಸಲ್ಲುತ್ತಿತ್ತೋ, ಇಪ್ಪತ್ತು ವರ್ಷ ಸೀಸೆ ಬದಲಾಯಿಸಿದವರಿಗೆ ಎಷ್ಟು ಸಲ್ಲುತ್ತದೆಯೋ ನಾನರಿಯೆ. ಇಂಥ ನಿರ್ಬಂಧಗಳ ನಡುವೆಯೂ ಒಳ್ಳೆಯ ಕೆಲಸ ಮಾಡುತ್ತಿರುವ ಅಧ್ಯಾಪಕರು ಮಾನಸಗಂಗೋತ್ರಿಯಲ್ಲಿ ಇದ್ದಾರೆಂಬುದೊಂದೇ ಸಮಾಧಾನ.

ಗೋಪಾಲಸ್ವಾಮಿಯವರ ನಿಲಯವನ್ನು ಸರ್ಕಾರ ವಹಿಸಿಕೊಂಡಾಗ, ಅದನ್ನು ಕಟ್ಟಿದವರು ಜೊತೆಯಲ್ಲಿಯೇ ಇದ್ದರು. ಯಂತ್ರವನ್ನೂ ಅದರ ಮರ್ಮವನ್ನೂ ಒಟ್ಟಿಗೇ ಒಪ್ಪಿಸಲು ಸಾಧ್ಯವಾಯಿತು. ವಿಭಾಗಗಳಲ್ಲಿಯೂ ಹಾಗೆಯೇ, ನಿವೃತ್ತರಾಗುವವರು ಇನ್ನೂ ಸೇವೆಯಲ್ಲಿರುವಾಗಲೇ ಅವರ ಸ್ಥಾನಕ್ಕೆ ಬರತಕ್ಕವರು ಬಂದು, ಒಂದೆರಡು ವರ್ಷ ಜೊತೆಯಲ್ಲಿ ದುಡಿದು, ಯಾವ ಸೀಸೆಯಲ್ಲಿ ಯಾವ ಸಂತತಿಯಿದೆ, ಯಾವ ಓಲೆಗರಿಯ ಪಾಠ ಎಲ್ಲಿ ನಿಂತಿದೆ, ಯಾವ ಶಾಸನದ ಅಚ್ಚನ್ನು ಮತ್ತೊಮ್ಮೆ ತೆಗೆಯಬೇಕಾಗಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವಂತಾಗಬೇಕು. ಅದಕ್ಕೆ ಬೇಕಾದದ್ದು ಹುದ್ದೆಗಳನ್ನು ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ. ಆ ಒಪ್ಪಿಗೆ ಬರುವುದರೊಳಗೆ ಇನ್ನೆಷ್ಟು ಮಂದಿ ಹಿರಿಯರು ತಾವು ಕಂಡುಕೊಂಡದ್ದನ್ನು ಯಾರಿಗೂ ಒಪ್ಪಿಸದೆ ಮನೆಗೆ ಹೊರಡುವರೋ!