ಲೆಕ್ಕಕ್ಕೆ ಬಾರದ ಸಾವುಗಳು: ಬಡತನಕ್ಕೂ ಸರಕಾರಿ ಅಂಕಿಸಂಖ್ಯೆಗೂ ಏನು ಸಂಬಂಧ?

2020 ಮತ್ತು 2021ರಲ್ಲಿ ಜಗತ್ತಿನ ಸರಕಾರಗಳು ವರದಿ ಮಾಡಿದ ಕೋವಿಡ್ ಸಾವುಗಳು ಸುಮಾರು 54 ಲಕ್ಷ. ಆದರೆ ಆ ಎರಡು ವರ್ಷಗಳಲ್ಲಿ ವಾಡಿಕೆಗಿಂತ 1 ಕೋಟಿ 49 ಲಕ್ಷ ಸಾವುಗಳು ಅಧಿಕವಾಗಿ ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿತು. ಭಾರತದ ಸರಕಾರಿ ಲೆಕ್ಕ 4.8 ಲಕ್ಷ, ಸಂಸ್ಥೆಯ ಅಂದಾಜು 47 ಲಕ್ಷ. ನಮ್ಮ ಸರಕಾರ ಈ ಅಂದಾಜಿನ ವಿಧಾನವನ್ನು ಒಪ್ಪಲಿಲ್ಲ. ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಮಡಿದವರೂ ಇದರಲ್ಲಿ ಸೇರಿರುವುದರಿಂದ, ಅಂತರವೆಲ್ಲವೂ ಮುಚ್ಚಿಟ್ಟ ಲೆಕ್ಕವೆಂದು ಭಾವಿಸಲಾಗದು.

ಹಾಗಾದರೆ ಅಂತರ ಹುಟ್ಟುವುದೆಲ್ಲಿ? ಒಂದು ಸಾವು ಕೋವಿಡ್ ಪಟ್ಟಿ ಸೇರಬೇಕಾದರೆ ಮೊದಲು ಪರೀಕ್ಷೆಯಾಗಬೇಕು, ವೈದ್ಯರು ಕಾರಣವನ್ನು ಬರೆಯಬೇಕು, ಅದು ದಾಖಲಾಗಬೇಕು. ಈ ಮೂರೂ ಮೆಟ್ಟಿಲುಗಳಲ್ಲಿ ಬಡವರು ಹಿಂದೆ ಉಳಿಯುತ್ತಾರೆ. 2020ರಲ್ಲಿ ಭಾರತದಲ್ಲಿ ನೋಂದಾಯಿತವಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ. 22.5ಕ್ಕೆ ಮಾತ್ರ. ಬೋರಿ ನದಿಯ ದಂಡೆಯ ನಮ್ಮ ಕುರನೂರಿನಂಥ ಊರಿನಲ್ಲಿ ದಿನಗೂಲಿಯವರು ಪರೀಕ್ಷೆಗೆ ಹೋದರೆ ಅಂದಿನ ಕೂಲಿ ತಪ್ಪುತ್ತದೆ. ಮನೆಯಲ್ಲೇ ಪ್ರಾಣ ಬಿಟ್ಟವರಿಗೆ ‘ಜ್ವರ’ವೆಂಬುದಷ್ಟೇ ಕಾರಣವಾಗಿ ಉಳಿಯುತ್ತದೆ.

ಲೆಕ್ಕವನ್ನು ತಿದ್ದಿಕೊಂಡ ದೇಶವೂ ಉಂಟು. ಪೆರು ದೇಶವು 2021ರ ಮೇ 31ರಂದು ತನ್ನ ಸಾವಿನ ಸಂಖ್ಯೆಯನ್ನು 69 ಸಾವಿರದಿಂದ 1 ಲಕ್ಷ 80 ಸಾವಿರಕ್ಕೆ ಏರಿಸಿತು. ಪರೀಕ್ಷೆ ಆಗದವರನ್ನೂ ಲಕ್ಷಣ ಮತ್ತು ದಾಖಲೆಗಳ ಆಧಾರದಿಂದ ಎಣಿಸಿದಾಗ ಹೊರಬಿದ್ದ ಸಂಖ್ಯೆಯಿದು.

ನಮ್ಮಲ್ಲಿ ಈ ವ್ಯತ್ಯಾಸ ಬೆಳಕಿಗೆ ಬಂದದ್ದು ಪರಿಹಾರದ ಮೂಲಕ. ಸುಪ್ರೀಂ ಕೋರ್ಟಿನ ಆದೇಶದಿಂದಾಗಿ 2021ರಲ್ಲಿ ಮೃತರ ಕುಟುಂಬಕ್ಕೆ 50,000 ರೂಪಾಯಿ ನಿಗದಿಯಾಯಿತು. ಸೋಂಕು ದೃಢಪಟ್ಟ 30 ದಿನಗಳೊಳಗಿನ ಸಾವನ್ನು, ಆಸ್ಪತ್ರೆಯ ಹೊರಗೆ ಸಂಭವಿಸಿದ್ದರೂ, ಕೋವಿಡ್ ಸಾವೆಂದೇ ಪರಿಗಣಿಸಲಾಯಿತು. ಆಗ ಮಹಾರಾಷ್ಟ್ರದಲ್ಲಿ ಬಂದ ಅರ್ಜಿಗಳು ಅಧಿಕೃತ ಸಾವುಗಳನ್ನು ಮೀರಿದವು. ಸುಮಾರು 10 ಸಾವಿರ ಸಾವು ತೋರಿಸಿದ್ದ ಗುಜರಾತಿನಲ್ಲಿ ಅರ್ಜಿಗಳು 90 ಸಾವಿರದ ಸಮೀಪಕ್ಕೆ ಮುಟ್ಟಿದವು.

ಆದ್ದರಿಂದ ದಾಖಲೆಯೆಂಬುದು ಬರಿಯ ಕಾಗದವಲ್ಲ. ಅದು ವಿಧವೆಯ ಹಕ್ಕು, ಅನಾಥ ಮಗುವಿನ ಶಾಲೆಯ ದಾರಿ. ಕನ್ನಡ ಮಾಧ್ಯಮದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಮನೆಯಲ್ಲಿ ಸಾವು ಸಂಭವಿಸಿದರೆ 21 ದಿನಗಳೊಳಗೆ ಗ್ರಾಮ ಪಂಚಾಯಿತಿಯಲ್ಲಿ ನೋಂದಾಯಿಸಿರಿ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡವರ ನೋಂದಣಿ ಸೊಲ್ಲಾಪುರದಲ್ಲೇ ಆಗುತ್ತದೆ, ಊರಿನಲ್ಲಲ್ಲ. ಅರ್ಜಿಯ ಮರಾಠಿ ತೊಡಕೆನಿಸಿದರೆ ಊರಿನ ಶಿಕ್ಷಕರ ನೆರವು ಕೇಳಿರಿ, ಸಂಕೋಚ ಬೇಡ. ಹೆಸರು, ವಯಸ್ಸು, ಕಾರಣಗಳನ್ನು ಓದಿಸಿ ಕೇಳಿದ ಬಳಿಕವೇ ಸಹಿ ಮಾಡಿರಿ. ನಮ್ಮವರ ಸಾವು ಲೆಕ್ಕಕ್ಕೆ ಸಿಕ್ಕರೆ ಮಾತ್ರ ನಮ್ಮ ಊರಿಗೆ ಎಷ್ಟು ವೈದ್ಯರು ಬೇಕೆಂಬ ಲೆಕ್ಕವೂ ಸರಿಯಾದೀತು.