ಸೈಕಲ್ಲಿನ ಹಿಂಬದಿ ದೀಪ: ಎಷ್ಟು ಪ್ರಖರ, ಎಲ್ಲಿಗೆ ಪ್ರಖರ?

ಸೈಕಲ್ಲಿನ ಹಿಂಬದಿಯ ಕೆಂಪು ದೀಪಕ್ಕೆ ಇರುವುದು ಒಂದೇ ಕೆಲಸ: ಮುಂದೆ ಸೈಕಲ್ ಹೋಗುತ್ತಿದೆ ಎಂದು ಹಿಂದಿನಿಂದ ಬರುವ ಚಾಲಕನಿಗೆ ಸಾಕಷ್ಟು ಮೊದಲೇ ತಿಳಿಸುವುದು. ನವಿಲುತೀರ್ಥದ ಅಣೆಕಟ್ಟಿನಿಂದ ಮುನವಳ್ಳಿ, ಸವದತ್ತಿ ಕಡೆಗೆ ಹೊರಟರೆ ಊರು ದಾಟಿದ ಮೇಲೆ ಕತ್ತಲೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಓಡಾಟ ಬೇರೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಕಂಡು ಬ್ರೇಕ್ ಒತ್ತುವಷ್ಟರಲ್ಲಿ 25 ಮೀಟರ್, ವಾಹನ ನಿಲ್ಲುವಷ್ಟರಲ್ಲಿ ಹೆಚ್ಚುಕಡಿಮೆ ಇನ್ನೂ ಅಷ್ಟೇ ದೂರ ಕಳೆದಿರುತ್ತದೆ.

ರಿಫ್ಲೆಕ್ಟರ್ ಇದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಅದರೊಳಗೆ ಮೂರು ಮುಖಗಳು ಲಂಬವಾಗಿ ಕೂಡುವ ನೂರಾರು ಪುಟ್ಟ ಮೂಲೆಗಳಿರುತ್ತವೆ. ಬಂದ ಬೆಳಕನ್ನು ಅವು ಬಂದ ದಿಕ್ಕಿಗೇ ತಿರುಗಿಸುತ್ತವೆ. ಆದರೆ ಹೆಡ್‌ಲೈಟ್ ಬಿದ್ದರಷ್ಟೇ ಅದು ಹೊಳೆಯುತ್ತದೆ. ತಿರುವಿನಲ್ಲಿ ಬೆಳಕು ಬೀಳುವುದಿಲ್ಲ, ಎರೆಮಣ್ಣಿನ ಕೆಸರು ಮೆತ್ತಿದರೆ ಹೊಳಪೂ ಇಲ್ಲ.

ದೀಪ ಕೊಳ್ಳುವಾಗ ಡಬ್ಬಿಯ ಮೇಲಿನ ಲ್ಯುಮೆನ್ ಸಂಖ್ಯೆಗೆ ಮರುಳಾಗುವವರೇ ಹೆಚ್ಚು. ಲ್ಯುಮೆನ್ ಹೇಳುವುದು ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕನ್ನು. ಒಂದು ದಿಕ್ಕಿನ ತೀವ್ರತೆಯನ್ನು ಹೇಳುವುದು ಕ್ಯಾಂಡೆಲಾ. 20 ಲ್ಯುಮೆನ್ ಬೆಳಕು ಹಿಂದಿನ ಅರ್ಧಗೋಳದ ತುಂಬ ಹರಡಿದರೆ ಸುಮಾರು 3 ಕ್ಯಾಂಡೆಲಾ. ಅದನ್ನೇ ಮಸೂರದಿಂದ 30 ಡಿಗ್ರಿಯ ಶಂಕುವಿಗೆ ಕೂಡಿಸಿದರೆ 90 ದಾಟುತ್ತದೆ. ಆದರೆ ಇಂಥ ದೀಪ ಸ್ವಲ್ಪ ನೆಲಕ್ಕೆ ಬಾಗಿದರೂ ಬೆಳಕೆಲ್ಲ ಡಾಂಬರಿನ ಪಾಲು, ಮೇಲಕ್ಕೆ ನೋಡಿದರೆ ಹಿಂದಿನವರ ಕಣ್ಣಿಗೆ ಕುಕ್ಕು. ದೂರ ಇಮ್ಮಡಿಯಾದರೆ ಕಣ್ಣಿಗೆ ತಲುಪುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ, ನಿಜ. ಆದರೆ ಕತ್ತಲಲ್ಲಿ ಅದು ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ಕಷ್ಟ. ಜರ್ಮನಿಯಲ್ಲಂತೂ ಸೈಕಲ್ಲಿಗೆ ಮಿನುಗುವ ಹಿಂದೀಪ ನಿಷಿದ್ಧ. ರಾತ್ರಿಗೆ ಸ್ಥಿರ ದೀಪವೇ ಮೇಲು.

ಹಳೆಯ 6 ವೋಲ್ಟಿನ ಡೈನಮೊ ಹಿಂದಿನ ಬಲ್ಬಿಗೆ ಕೊಡುತ್ತಿದ್ದುದು 0.6 ವಾಟ್, ಸೈಕಲ್ ನಿಂತರೆ ಅದೂ ಆರುತ್ತಿತ್ತು. ಇಂದಿನ ಎಲ್‌ಇಡಿ ದೀಪಕ್ಕೆ ಬ್ಯಾಟರಿಯಿದೆ, ಆ ತೊಂದರೆಯಿಲ್ಲ. ಮಳೆಗಾಲಕ್ಕೆ ಕನಿಷ್ಠ ಐಪಿಎಕ್ಸ್4 (ಸಿಡಿಯುವ ನೀರನ್ನು ತಡೆಯುವ) ಗುರುತು ಇರಲಿ.

ಜೋಡಿಸುವ ಜಾಗದ್ದೇ ದೊಡ್ಡ ತಪ್ಪು. ಸೀಟಿನ ಕೆಳಗೆ ಕಟ್ಟಿದ ದೀಪವನ್ನು ಕ್ಯಾರಿಯರ್ ಮೇಲಿನ ಮೇವಿನ ಹೊರೆಯೋ ಹಾಲಿನ ಕ್ಯಾನೋ ಪೂರ್ತಿ ಮುಚ್ಚುತ್ತದೆ. ಕ್ಯಾರಿಯರ್‌ನ ಹಿಂತುದಿಗೆ ಕಟ್ಟಿದರೆ ಈ ಕಾಟವಿಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಎಲ್ಲ ದೀಪವೂ ಪ್ರಖರವೇ. ನೂರು ಹೆಜ್ಜೆ ದೂರ ನಿಂತು ನೋಡಿಯೇ ಕೊಳ್ಳಬೇಕು.